ಸಂಜೆ ಏಳರ ಹೊತ್ತಿಗೆ ಎಲ್ಲಿಗೆ ಹೋಗುವುದು: ಕುಡಿತ ಬಿಡಲು ನಾನು ಸೇರಿದ ಮೂರು ಗುಂಪುಗಳ ಹೋಲಿಕೆ

ಕುಡಿತ ಬಿಟ್ಟ ಮೊದಲ ದಿನಗಳಲ್ಲಿ ನನಗೆ ಅತ್ಯಂತ ಕಷ್ಟವಾಗಿದ್ದು ಸಂಜೆ ಏಳು ಗಂಟೆ. ಕೆಲಸ ಮುಗಿಸಿ ಬಸ್ ಇಳಿದೊಡನೆ ಕಾಲುಗಳು ತಾವಾಗಿಯೇ ಎಂಆರ್‌ಪಿ ಅಂಗಡಿಯ ಕಡೆಗೆ ತಿರುಗುತ್ತಿದ್ದ ಹೊತ್ತು ಅದು. ಆರು ವರ್ಷಗಳಲ್ಲಿ ನಾನು ಹೋಗಿ ಕುಳಿತ ಮೂರು ಗುಂಪುಗಳನ್ನು ಇಲ್ಲಿ ಹೋಲಿಸುವಾಗಲೂ, ಆ ಹೊತ್ತನ್ನು ದಾಟಿಸಲು ಯಾವುದು ನೆರವಾಯಿತು ಎಂಬುದನ್ನೇ ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲನೆಯದು ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ನಡೆದ ಮದ್ಯವರ್ಜನ ಶಿಬಿರ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನವರ ಸಮಿತಿಯನ್ನು ಜೊತೆಗಿಟ್ಟುಕೊಂಡು ನಡೆಸುವ ಈ ಶಿಬಿರ ಎಂಟು ದಿನಗಳದ್ದು. ಸಮುದಾಯ ಭವನದಲ್ಲಿ ಜಮಖಾನೆ ಹಾಸಿಕೊಂಡು ಮಲಗುತ್ತಿದ್ದೆವು. ಬೆಳಗ್ಗೆ ವ್ಯಾಯಾಮ, ಭಜನೆ, ಆಮೇಲೆ ಉಪನ್ಯಾಸ ಮತ್ತು ಆಪ್ತಸಲಹೆ. ಮನೆಯವರನ್ನು ಕರೆಸಿದ ದಿನ ನನ್ನ ಪತ್ನಿ ಏನೂ ಮಾತನಾಡದೆ ನನ್ನ ಕೈಯನ್ನೇ ನೋಡುತ್ತಿದ್ದಳು, ಏಕೆಂದರೆ ಕೈಯಲ್ಲಿದ್ದ ಕಾಫಿ ಲೋಟ ಅಂದು ನಡುಗುತ್ತಿರಲಿಲ್ಲ. ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗೆ, ಅಂದರೆ ಕುಡಿತ ಬಿಟ್ಟವರದೇ ಗುಂಪಿಗೆ, ಸೇರಿಸುತ್ತಾರೆ. ಊರಿಗೆಲ್ಲ ವಿಷಯ ಗೊತ್ತಿರುವುದರಿಂದ ಒಟ್ಟಿಗೆ ಕುಡಿಯುತ್ತಿದ್ದವರೂ ಕರೆಯಲು ಹಿಂಜರಿಯುತ್ತಾರೆ. ಇಂಥ ಕಾವಲು ಪಟ್ಟಣದಲ್ಲಿ ಸಿಗುವುದಿಲ್ಲ. ಆದರೆ ನನ್ನ ದುಡಿಮೆ ಇದ್ದದ್ದು ಬೆಂಗಳೂರಿನಲ್ಲಿ, ಸಮಿತಿ ಇದ್ದದ್ದು ಊರಿನಲ್ಲಿ. ನಾಲ್ಕು ತಿಂಗಳಿಗೆ ನಾನು ಮತ್ತೆ ಕುಡಿದೆ, ಅದನ್ನು ಊರಿನವರಿಂದ ಮುಚ್ಚಿಡುವುದಕ್ಕಾಗಿಯೇ ಎರಡು ಹಬ್ಬಗಳಿಗೆ ಮನೆಗೆ ಹೋಗಲಿಲ್ಲ.

ಎರಡನೆಯದು ಆಸ್ಪತ್ರೆಯ ಗುಂಪು, ಅಲ್ಲಿಗೆ ನಾನು ಹೋದದ್ದು ನನ್ನ ತಪ್ಪಿನಿಂದ. ಯಾರನ್ನೂ ಕೇಳದೆ ಒಂದೇ ಸಲಕ್ಕೆ ಕುಡಿತ ನಿಲ್ಲಿಸಿ ಬಾಗಿಲು ಹಾಕಿಕೊಂಡು ಮಲಗಿದವನಿಗೆ ಮೂರನೆಯ ರಾತ್ರಿ ಗೋಡೆಯ ತುಂಬ ಇರುವೆಗಳು ಹರಿದಂತೆ ಕಾಣತೊಡಗಿತು, ಮೈ ಬೆವರಿ ನಡುಗತೊಡಗಿತು. ಭಾವಮೈದುನ ಆಟೋದಲ್ಲಿ ನಿಮ್ಹಾನ್ಸ್‌ಗೆ ಕರೆದೊಯ್ದ. ಅನೇಕ ವರ್ಷ ದಿನವೂ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿಭ್ರಮಣೆಯಾಗಿ ಜೀವಕ್ಕೇ ಅಪಾಯವಾಗಬಹುದು ಎಂಬುದು ಅಲ್ಲಿಯೇ ನನಗೆ ತಿಳಿದದ್ದು. ವಿಟಮಿನ್ ಬಿ1 ಚುಚ್ಚುಮದ್ದು, ನಡುಕ ಇಳಿಸುವ ಔಷಧಿ, ಆಮೇಲೆ ಕುಡಿಯಬೇಕೆಂಬ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ಕೊಟ್ಟರು. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಕಾಫಿಯಲ್ಲಿ ಬೆರೆಸುವ ಮನೆಗಳಿವೆ. ಅದರ ಮೇಲೆ ಮದ್ಯ ಕುಡಿದರೆ ಪ್ರಾಣಕ್ಕೇ ಸಂಚಕಾರ ಬರಬಹುದಾದ್ದರಿಂದ ದಯವಿಟ್ಟು ಯಾರೂ ಹಾಗೆ ಮಾಡಬಾರದು. ಅಲ್ಲಿನ ಗುಂಪು ಚರ್ಚೆಯನ್ನು ತರಬೇತಿ ಪಡೆದವರು ನಡೆಸುತ್ತಿದ್ದರು; ಕುಡಿಯುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ಏನಾಯಿತು, ಯಾರೊಂದಿಗೆ ಜಗಳವಾಯಿತು ಎಂಬುದನ್ನು ಎಳೆ ಎಳೆಯಾಗಿ ಬಿಡಿಸುವುದನ್ನು ನಾನು ಕಲಿತದ್ದು ಅಲ್ಲಿ. ಆದರೆ ಮನೆಗೆ ಬಂದ ಮೇಲೆ ಪ್ರತಿ ಭೇಟಿಗೂ ಹಗಲು ಹೊತ್ತಿನಲ್ಲಿ ರಜೆ ಹಾಕಬೇಕಾಗುತ್ತಿತ್ತು, ಸಂಜೆ ಏಳು ಗಂಟೆ ಹಾಗೆಯೇ ಉಳಿಯಿತು.

ಆ ಹೊತ್ತನ್ನು ತುಂಬಿದ್ದು ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಎನ್ನುವ ಗುಂಪು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತನಾಡಿಕೊಂಡದ್ದರಿಂದ ಹುಟ್ಟಿದ ಇದಕ್ಕೆ ಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ನಾನು ಹೋದ ಮೊದಲ ಗುಂಪಿನಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಮೂರು ವಾರ ಬಾಯಿ ಬಿಡದೆ ಎದ್ದು ಬಂದೆ. ಆಮೇಲೆ ಸಿಕ್ಕಿದ ಕನ್ನಡದ ಗುಂಪು ಶಾಲೆಯೊಂದರ ತರಗತಿಯಲ್ಲಿ ಸೇರುತ್ತಿತ್ತು; ಕಪ್ಪು ಹಲಗೆಯ ಮೇಲೆ ಹದಿಮೂರರ ಮಗ್ಗಿ, ಮೊಣಕಾಲು ಹಿಡಿಸದ ಮಕ್ಕಳ ಬೆಂಚು. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದಾದ್ದರಿಂದ ನಾನು ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಅಕ್ಕಿ ಡಬ್ಬಿಯೊಳಗೆ ಕ್ವಾರ್ಟರ್ ಬಾಟಲಿ ಹುದುಗಿಸಿಡುತ್ತಿದ್ದೆ. ಒಂದು ಸಂಜೆ ಪತ್ನಿ ಅಕ್ಕಿ ಅಳೆಯುವಾಗ ಪಾವು ಅದಕ್ಕೆ ತಗುಲಿ ಟಣ್ ಎಂದಿತು, ಅವಳು ಏನೂ ಅನ್ನದೆ ಬಾಟಲಿಯ ಸುತ್ತಲಿನ ಅಕ್ಕಿಯನ್ನಷ್ಟೇ ತೆಗೆದುಕೊಂಡಳು. ಇದನ್ನು ಹೇಳಿ ತಲೆಯೆತ್ತಿದಾಗ ಯಾರ ಮುಖದಲ್ಲೂ ಬೆರಗಿರಲಿಲ್ಲ. ಎದುರು ಬೆಂಚಿನ ಮೂವರು ಸುಮ್ಮನೆ ತಲೆಯಾಡಿಸಿದರು. ನನ್ನ ಸ್ಪಾನ್ಸರ್, ಅಂದರೆ ಹೊಸಬರ ಕೈ ಹಿಡಿಯುವ ಹಳೆಯ ಸದಸ್ಯರು, ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುತ್ತಿದ್ದರು. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಗುಂಪಿದೆ. ಇಲ್ಲಿ ವೈದ್ಯರಿಲ್ಲ, ಔಷಧಿಯಿಲ್ಲ. ಒಂದೇ ಗುಂಪು ದಿನವೂ ಸೇರದಿರಬಹುದಾದ್ದರಿಂದ, ಮೊದಲ ತೊಂಬತ್ತು ದಿನ ತಪ್ಪದೆ ಹೋಗಬೇಕೆನ್ನುವವರು ಅಕ್ಕಪಕ್ಕದ ಬಡಾವಣೆಗಳ ಗುಂಪುಗಳನ್ನೂ ಗೊತ್ತುಮಾಡಿಕೊಳ್ಳಬೇಕು.

ಫೋನಿನಲ್ಲಿ ನಡೆಯುವ ಆನ್‌ಲೈನ್ ಸಭೆಗಳನ್ನೂ ನೋಡಿದೆ. ಊರಿಗೆ ಹೋದಾಗ ಅವು ಒದಗುತ್ತವೆ, ಆದರೆ ಎದುರು ಕೂತವರ ಕಣ್ಣಿಗೆ ಬೀಳುವ ಭಯ ಅಲ್ಲಿರುವುದಿಲ್ಲ.

ಕೈ ನಡುಗುವವರೆಗೆ ಕುಡಿಯುವವರು ಮೊದಲು ಆಸ್ಪತ್ರೆಗೆ ಹೋಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಎಲ್ಲಿಗೆ ಎಂದು ತಿಳಿಯದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಳ್ಳಿಯಲ್ಲೇ ಬದುಕುವವರಿಗೆ ಶಿಬಿರ ಮತ್ತು ಸಮಿತಿಯನ್ನು, ಪಟ್ಟಣದಲ್ಲಿ ದುಡಿಯುವವರಿಗೆ ಎಎಯನ್ನು ನಾನು ಸೂಚಿಸುತ್ತೇನೆ. ನನ್ನ ಬಳಿ ಕೇಳಿಕೊಂಡು ಬರುವವರನ್ನು ನಾನು ಮೊದಲು ವಿಚಾರಿಸುವುದು ಸಂಜೆ ಅವರು ಯಾವ ಸ್ಟಾಪಿನಲ್ಲಿ ಬಸ್ ಇಳಿಯುತ್ತಾರೆ ಎಂಬುದನ್ನು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಗುಂಪು ಇದೆಯೇ ಎಂದು ಆಮೇಲೆ ಇಬ್ಬರೂ ಸೇರಿ ಹುಡುಕುತ್ತೇವೆ.