ಸಾಲ ಖಾತರಿಯೋ, ಸ್ವನಿಧಿಯೋ: ಕಲಬುರಗಿಯ ವ್ಯಾಪಾರಿಗೆ ಯಾವುದು ಹಿತವಾಗಿತ್ತು?

ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ತಂದ ಎರಡು ಯೋಜನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡೂ ಮೂಲತಃ ಸಾಲವೇ ಹೊರತು ಪರಿಹಾರವಲ್ಲ ಎಂಬುದು ಮೊದಲು ಎದ್ದು ಕಾಣುತ್ತದೆ.

2020ರ ಮೇ ತಿಂಗಳ ತುರ್ತು ಸಾಲ ಖಾತರಿ ಯೋಜನೆಯು (ಉದ್ಯಮಗಳ ಸಾಲಕ್ಕೆ ಸರ್ಕಾರವೇ ಬ್ಯಾಂಕಿಗೆ ಖಾತರಿ ನಿಂತ ಯೋಜನೆ), ಅದೇ ವರ್ಷ ಫೆಬ್ರುವರಿ 29ಕ್ಕೆ ಬಾಕಿಯಿದ್ದ ಸಾಲದ ಶೇ 20ರಷ್ಟು ಮೊತ್ತವನ್ನು ಹೊಸ ಅಡಮಾನವಿಲ್ಲದೆ ಒದಗಿಸಿತು; ಬ್ಯಾಂಕ್‌ಗಳು ಶೇ 9.25ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿರಲಿಲ್ಲ, ಮೊದಲ ವರ್ಷ ಅಸಲಿನ ಕಂತೂ ಇರಲಿಲ್ಲ. 50 ಲಕ್ಷ ರೂಪಾಯಿ ಬಾಕಿಯಿದ್ದ ತೊಗರಿಬೇಳೆ ಮಿಲ್ಲಿಗೆ ಹೀಗೆ 10 ಲಕ್ಷ ದೊರೆಯುತ್ತಿತ್ತು. ಆದರೆ ಸಾಲದ ಗೊಡವೆಯೇ ಬೇಡವೆಂದು ಸ್ವಂತ ಬಂಡವಾಳದಲ್ಲಿ ಅಂಗಡಿ ನಡೆಸಿದವರಿಗೆ ಇದರಿಂದ ಬಿಡಿಗಾಸೂ ಸಿಗಲಿಲ್ಲ. ಮಿತವ್ಯಯಕ್ಕೆ ಸಂದ ಬಹುಮಾನವೆಂದರೆ ಇದೇ!

ಜೂನ್‌ನಲ್ಲಿ ಆರಂಭವಾದ ಪಿಎಂ ಸ್ವನಿಧಿ, ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ತಳ್ಳುಗಾಡಿಯವರಂಥ ಬೀದಿ ವ್ಯಾಪಾರಿಗಳಿಗೆ ಮೊದಲ ಹಂತದಲ್ಲಿ 10,000 ರೂಪಾಯಿವರೆಗೆ ಸಾಲ ನೀಡಿತು. ಸಕಾಲಕ್ಕೆ ಮರುಪಾವತಿಸಿದರೆ ಶೇ 7ರ ಬಡ್ಡಿ ಸಹಾಯಧನವೂ ಇತ್ತು.

ಮೊತ್ತ ನೋಡಿದರೆ ಖಾತರಿ ಯೋಜನೆಯೇ ದೊಡ್ಡದು. ಆದರೂ ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರನ್ನು ಒಳಗೆ ಕರೆತಂದ ಸ್ವನಿಧಿಗೇ ನನ್ನ ಒಲವು. ಗಿರಾಕಿಯೇ ಇಲ್ಲದೆ ಮಳಿಗೆಯ ಬಾಡಿಗೆ ಬಾಕಿ ಏರುತ್ತಿದ್ದವರಿಗಂತೂ, ಎರಡೂ ತೀರಿಸಲೇಬೇಕಾದ ಸಾಲಗಳಾದ್ದರಿಂದ, ಎರಡನ್ನೂ ಶಿಫಾರಸು ಮಾಡುತ್ತಿರಲಿಲ್ಲ.