ಕೈಲ್ ಮುಹೂರ್ತಕ್ಕೆ ಕಾಚಂಪುಳಿ: ಯಾವ ಬಾಟಲಿ ಕೊಳ್ಳಬಹುದು, ಯಾವುದನ್ನು ಬಿಡಬೇಕು

ಆಗಸ್ಟ್ ಕೊನೆಯ ವಾರ ಬಂತೆಂದರೆ ಕೊಡಗಿನ ಸಂತೆಗಳಲ್ಲಿ, ಸಂಬಾರದ ಅಂಗಡಿಗಳಲ್ಲಿ ಕಪ್ಪು ಬಾಟಲಿಗಳ ಸಾಲು ಉದ್ದವಾಗುತ್ತದೆ. ಹೆಚ್ಚಿನ ಕಡೆ ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ, ಕೊಡವ ತಕ್ಕ್‌ನಲ್ಲಿ ಕೈಲ್ ಪೊಳ್ದ್. ಗದ್ದೆಯ ನಾಟಿ ಮುಗಿದಿರುತ್ತದೆ. ಮನೆಯ ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ದೀಪ ಹಚ್ಚಿ, ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಗಂಧ ಹಚ್ಚಿ ತೋಕ್ ಪೂ ಎಂಬ ಹೂ ಮುಡಿಸಿ, ಅಕ್ಕಿತರಿಯ ಉಂಡೆ ಕಡುಂಬುಟ್ಟು, ಹಂದಿಮಾಂಸದ ಪಂದಿಕರಿಯ ಎಡೆ ಇಡುತ್ತಾರೆ. ಆ ಕರಿಗೆ ಜೀವ ಕೊಡುವುದು ಕಾಚಂಪುಳಿ, ಅಂದರೆ ಪಣಪುಳಿ ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ. ಮಾಂಸ ಒಳ್ಳೆಯದಿರಲಿ, ಮಸಾಲೆ ಹದವಾಗಿ ಹುರಿದಿರಲಿ, ಕೊನೆಯಲ್ಲಿ ನೀರು ನೀರಾದ ಪುಳಿ ಬಿದ್ದರೆ ಇಡೀ ಪಾತ್ರೆ ಸಪ್ಪೆಯಾಗುತ್ತದೆ. ಆದ್ದರಿಂದ ಹಬ್ಬದ ಸಾಮಾನಿನ ಪಟ್ಟಿಯಲ್ಲಿ ಮಾಂಸಕ್ಕೆ ಕೊಡುವಷ್ಟೇ ಗಮನವನ್ನು ಈ ಬಾಟಲಿಗೂ ಕೊಡಬೇಕು.

ಮಾರಾಟಕ್ಕೆ ಸಿಗುವ ಕಾಚಂಪುಳಿಯಲ್ಲಿ ಇಷ್ಟೊಂದು ವ್ಯತ್ಯಾಸ ಏಕೆ ಎಂಬುದು ಅದನ್ನು ಮಾಡುವ ರೀತಿಯಲ್ಲೇ ಇದೆ. ಪಣಪುಳಿ ಮರದ ಹಣ್ಣು ಪುಟ್ಟ ಕುಂಬಳಕಾಯಿಯ ಹಾಗೆ ಗೀರುಗೀರಾಗಿರುತ್ತದೆ, ಮಾಗಿದಾಗ ಹಳದಿ. ಉತ್ತರ ಕನ್ನಡದವರು ಉಪ್ಪಾಗೆ ಎನ್ನುವುದೂ, ಮಲಯಾಳಿಗಳು ಸಿಪ್ಪೆ ಒಣಗಿಸಿ ಕುಡಂಪುಳಿ ಮಾಡುವುದೂ ಇದೇ ಹಣ್ಣನ್ನು. ಪುನರ್ಪುಳಿ ಅದೇ ಕುಲದ ಬೇರೆ ಮರ. ಮಳೆಗಾಲದಲ್ಲಿ ಮಾಗಿ ಉದುರಿದ ಹಣ್ಣನ್ನು ಆಯ್ದು, ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟರೆ ಕೊಳೆಯುತ್ತಾ ಬಂದ ಹಣ್ಣಿನ ರಸ ದಿನಗಟ್ಟಲೆ ತೊಟ್ಟಿಕ್ಕುತ್ತದೆ. ಆ ರಸವನ್ನು ಸೋಸಿ, ಸಣ್ಣ ಉರಿಯಲ್ಲಿ ಕಪ್ಪಗೆ ಗಟ್ಟಿಯಾಗುವ ತನಕ ಕುದಿಸಿದರೆ ಕಾಚಂಪುಳಿ. ಬೇರೇನನ್ನೂ ಸೇರಿಸುವುದಿಲ್ಲ. ಹಾಗಾಗಿ ಒಂದು ಬಾಟಲಿಗೂ ಇನ್ನೊಂದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಎಷ್ಟು ಹೊತ್ತು ಕುದಿಸಿದ್ದಾರೆ ಎಂಬುದು. ಸೌದೆಗೂ ಖರ್ಚು, ಹೊತ್ತಿಗೂ ಖರ್ಚು. ಬೇಗ ಇಳಿಸಿದಷ್ಟೂ ಬಾಟಲಿಗಳ ಸಂಖ್ಯೆ ಹೆಚ್ಚು.

ಇದರಿಂದಲೇ ಮೊದಲ ಸಲಹೆ: ಹಬ್ಬಕ್ಕೆ ಹೋದ ವರ್ಷದ ಪುಳಿ ಕೊಳ್ಳಿ. ಈ ಮಳೆಗಾಲದ ಹಣ್ಣು ಉದುರಿ, ರಸ ಇಳಿದು, ಕುದ್ದು ಬಾಟಲಿಗೆ ಬರುವುದಕ್ಕೂ ಕೈಲ್ ಮುಹೂರ್ತಕ್ಕೂ ನಡುವೆ ಉಳಿಯುವ ಸಮಯ ಬಹಳ ಕಡಿಮೆ. ಹಬ್ಬದ ಬೇಡಿಕೆ ನೋಡಿ ಅವಸರದಲ್ಲಿ ಇಳಿಸಿದ ಪುಳಿ ಬರುವುದು ಈ ವಾರಗಳಲ್ಲೇ. ಸರಿಯಾಗಿ ಕುದಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ವರ್ಷ ಕಪಾಟಿನಲ್ಲಿ ಕುಳಿತೂ ಚೆನ್ನಾಗಿದ್ದರೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ಮೂರು ಬಗೆ. ಮೊದಲನೆಯದು ಸಂತೆಯಲ್ಲಿ ಸಿಗುವ ಮನೆಯ ಪುಳಿ. ಮಡಿಕೇರಿಯ ಶುಕ್ರವಾರದ ಸಂತೆ, ಗೋಣಿಕೊಪ್ಪದ ಭಾನುವಾರದ ಸಂತೆಯಂಥ ಕಡೆ ಚೀಟಿಯಿಲ್ಲದ ಹಳೆಯ ಬ್ರಾಂದಿ ಬಾಟಲಿಯಲ್ಲಿ ಬರುತ್ತದೆ. ಇದರಲ್ಲಿ ಅತ್ಯುತ್ತಮವೂ ಇದೆ, ಅತಿ ಕೆಟ್ಟದ್ದೂ ಇದೆ. ಒಳ್ಳೆಯದು ಸಿಕ್ಕರೆ ಇದಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಡಬಹುದು: ಹಣ್ಣಿನ ಘಮ, ಒಲೆಯ ಹೊಗೆಯ ತೆಳುವಾದ ವಾಸನೆ, ನಾಲಿಗೆಯ ಎರಡೂ ಬದಿ ಹಿಂಡುವ ಹುಳಿ. ಕಳೆಯುವ ಒಂದು ಅಂಕ ಬಾಟಲಿಗೆ. ತೊಳೆದು ಪೂರ್ತಿ ಒಣಗಿಸದ ಬಾಟಲಿ ಹಾಗೂ ತುಕ್ಕು ಹಿಡಿದ ತಗಡಿನ ಮುಚ್ಚಳ ಒಳ್ಳೆಯ ಪುಳಿಯನ್ನೂ ಕೆಡಿಸುತ್ತವೆ. ಮುಚ್ಚಳದ ಒಳಬದಿ ನೋಡದೆ ಕೊಳ್ಳಬೇಡಿ.

ಎರಡನೆಯದು ಪೇಟೆಯ ಸಂಬಾರದ ಅಂಗಡಿಗಳಲ್ಲಿ ಚೀಟಿ ಅಂಟಿಸಿದ ಗಾಜಿನ ಬಾಟಲಿ. ಮಟ್ಟ ಹೆಚ್ಚೂ ಕಡಿಮೆ ಒಂದೇ ಇರುತ್ತದೆ, ತಯಾರಾದ ತಿಂಗಳು ಬರೆದಿರುತ್ತದೆ, ಸೋರುವುದಿಲ್ಲ. ಗಟ್ಟಿತನ ಮಧ್ಯಮ. ಅಡುಗೆಗೆ ಹೊಸಬರಾದವರಿಗೆ, ಬೆಂಗಳೂರಿಗೆ ಒಯ್ಯುವವರಿಗೆ ಇದೇ ಸರಿ. ಹತ್ತಕ್ಕೆ ಏಳು. ಚೀಟಿಯಲ್ಲಿ ಪದಾರ್ಥಗಳ ಸಾಲು ಓದಿ. ಹಣ್ಣಿನ ರಸದ ಹೆಸರಿನ ಜೊತೆ ವಿನೆಗರ್, ಸಕ್ಕರೆ, ಬಣ್ಣ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಮೂರನೆಯದು ಪ್ರವಾಸಿಗರಿಗಾಗಿ ಹೆದ್ದಾರಿ ಬದಿಯಲ್ಲಿ ಜೇನು, ಚಾಕೊಲೇಟ್, ವೈನ್ ಜೊತೆ ಜೋಡಿಸಿಟ್ಟ ಚಿಕ್ಕ ಪ್ಲಾಸ್ಟಿಕ್ ಬಾಟಲಿ. ಬಹುಪಾಲು ತೆಳು, ಅಲುಗಿಸಿದರೆ ಚಹಾ ಕಷಾಯದಂತೆ ಆಡುತ್ತದೆ. ಹತ್ತಕ್ಕೆ ಮೂರು. ಹಬ್ಬದ ಅಡುಗೆಗೆ ಬೇಡವೇ ಬೇಡ.

ಬೆಲೆಯ ಮಾತು ಬಂದಾಗ ಮಿಲಿಲೀಟರ್ ಲೆಕ್ಕ ಹಾಕಬೇಡಿ, ಎಷ್ಟು ಕಿಲೋ ಮಾಂಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ. ಗಟ್ಟಿ ಪುಳಿ ಒಂದು ಕಿಲೋ ಪಂದಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಮಿ.ಲೀ. ಸಾಕು. 750 ಮಿ.ಲೀ. ಬಾಟಲಿ 50 ಕಿಲೋಗೆ ಬಂತು. ತೆಳುವಾದದ್ದು ಅದೇ ಹುಳಿ ಕೊಡಲು ಮೂರು ಚಮಚ ಬೇಡುತ್ತದೆ. ಅಷ್ಟೇ ದೊಡ್ಡ ಬಾಟಲಿ 17 ಕಿಲೋ ಮುಟ್ಟುವುದಿಲ್ಲ. ಗಟ್ಟಿಯದಕ್ಕೆ ಎರಡು ಪಟ್ಟು ಬೆಲೆ ಕೊಟ್ಟರೂ ಲಾಭವೇ. ಮೂರು ಚಮಚ ತೆಳು ಪುಳಿ ಸಾರಿಗೆ ಬೇಡದ ನೀರನ್ನೂ ಸೇರಿಸುತ್ತದೆ ಎಂಬುದು ಬೇರೆ.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆಗಳಿವೆ. ಬಾಟಲಿ ತಲೆಕೆಳಗು ಮಾಡಿ ಮತ್ತೆ ನೆಟ್ಟಗೆ ಹಿಡಿದರೆ ಗಾಜಿನ ಒಳಬದಿಗೆ ಅಂಟಿದ ಪುಳಿ ನಿಧಾನವಾಗಿ, ಜೇನಿಳಿದಂತೆ ಇಳಿಯಬೇಕು. ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಹೊರಟರೆ, ಕುತ್ತಿಗೆಯಲ್ಲಿ ನೊರೆ ಕಂಡರೆ ಅದು ಅರ್ಧ ಕುದಿಸಿದ ಪುಳಿ. ನೀರಿನಂಶ ಉಳಿದು ಒಳಗೇ ಹುಳಿಯುತ್ತಿದೆ. ಮೇಲೆ ಬಿಳಿ ಪೊರೆ ಕಟ್ಟಿದ್ದರಂತೂ ಮುಟ್ಟಬೇಡಿ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಡಿ: ಹನಿ ಹರಿಯದೆ ಕೂರಬೇಕು, ನಡುವೆ ಕಪ್ಪು, ಅಂಚಿನಲ್ಲಿ ಕೆಂಗಂದು.

ಕಲಬೆರಕೆ ಹಿಡಿಯುವುದು ಮನೆಯಲ್ಲಿ ಸುಲಭ. ಸೌಟಿನಲ್ಲಿ ನಾಲ್ಕು ಹನಿ ಹಾಕಿ ಬಿಸಿ ಮಾಡಿ ಮೂಗಿನ ಬಳಿ ಹಿಡಿಯಿರಿ. ವಿನೆಗರ್ ಬೆರೆತಿದ್ದರೆ ಆವಿ ಮೂಗಿಗೆ ಚುಚ್ಚುತ್ತದೆ, ಏಕೆಂದರೆ ವಿನೆಗರಿನ ಆಮ್ಲ ಬಿಸಿಗೆ ಹಾರುತ್ತದೆ. ಪಣಪುಳಿಯ ಹುಳಿ ಹಾಗೆ ಹಾರುವುದಿಲ್ಲ, ಹಣ್ಣಿನ ವಾಸನೆ ಮಾತ್ರ ಬರುತ್ತದೆ. ಅರ್ಧ ಚಮಚವನ್ನು ಒಂದು ಲೋಟ ಬಿಸಿನೀರಿಗೆ ಕದಡಿ ಹತ್ತು ನಿಮಿಷ ಬಿಡಿ. ತಳದಲ್ಲಿ ದಪ್ಪ ತಿರುಳು ಕೂತರೆ ಹುಣಸೆ ಸೇರಿದೆ. ಕುಡಿದು ನೋಡಿದಾಗ ಹುಳಿಗಿಂತ ಮೊದಲು ಸಿಹಿ ಹತ್ತಿದರೆ ಬೆಲ್ಲವೋ ಸುಟ್ಟ ಸಕ್ಕರೆಯೋ ಇದೆ. ಗಂಟಲಲ್ಲಿ ಕಹಿ ಉಳಿದರೆ ಕಲಬೆರಕೆಯಲ್ಲ, ಕುದಿಸುವಾಗ ತಳ ಹಿಡಿದಿದೆ, ಅದಕ್ಕೆ ಮದ್ದಿಲ್ಲ. ಸೋಡಾ ಪುಡಿ ಹಾಕಿ ನೊರೆ ಬಂದರೆ ಅಸಲಿ ಎನ್ನುವ ಮಾತು ಮಾತ್ರ ನಂಬಬೇಡಿ. ಯಾವ ಹುಳಿಗೆ ಸೋಡಾ ಹಾಕಿದರೂ ನೊರೆ ಬರುತ್ತದೆ.

ಒಳ್ಳೆಯ ಪುಳಿ ತಂದೂ ಕರಿ ಕೆಡಿಸುವವರಿದ್ದಾರೆ, ಅದಕ್ಕೇ ಬಳಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಿಲೋ ಚರ್ಮ, ಕೊಬ್ಬು ಸಮೇತ ಇರುವ ಮಾಂಸ. ಉಪ್ಪು, ಅರಿಶಿನ, ಖಾರದ ಪುಡಿ ಸವರಿ ಅರ್ಧ ಗಂಟೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯ ಜೊತೆ ಬೇಯಲಿ. ಹುರಿದ ಮಸಾಲೆಗೆ ಎರಡು ದೊಡ್ಡ ಚಮಚ ಕೊತ್ತಂಬರಿ, ಎರಡು ಚಿಕ್ಕ ಚಮಚ ಕರಿಮೆಣಸು, ಒಂದು ಜೀರಿಗೆ, ಅರ್ಧ ಸಾಸಿವೆ, ನಾಲ್ಕೈದು ಕಾಳು ಮೆಂತ್ಯ. ಕೊತ್ತಂಬರಿ ಕಾಫಿ ಬೀಜದ ಕಂದು ಬಣ್ಣಕ್ಕೆ ತಿರುಗಬೇಕು, ಇದ್ದಿಲಾಗಬಾರದು. ಕರಿ ಕಹಿಯಾದಾಗ ಜನ ಪುಳಿಯನ್ನು ಬೈಯುತ್ತಾರೆ, ಹೆಚ್ಚಿನ ಸಲ ತಪ್ಪು ಈ ಹುರಿಯುವ ಬಾಣಲೆಯದು. ಮಾಂಸ ಪೂರ್ತಿ ಬೆಂದು ಕೊಬ್ಬು ಬಿಟ್ಟ ಮೇಲೆಯೇ ಮಸಾಲೆ ಪುಡಿ, ಆಮೇಲೆ ಪುಳಿ. ಮೊದಲೇ ಹಾಕಿದರೆ ಕೊಬ್ಬು ಎಷ್ಟು ಬಿಡುತ್ತದೆ, ಸಾರು ಎಷ್ಟು ಬತ್ತುತ್ತದೆ ಎಂದು ಗೊತ್ತಿಲ್ಲದೆ ಹುಳಿಯ ಅಳತೆ ತಪ್ಪುತ್ತದೆ. ಮೊದಲು ಎರಡು ಚಿಕ್ಕ ಚಮಚ, ಐದು ನಿಮಿಷ ಸಣ್ಣ ಉರಿ, ರುಚಿ, ಬೇಕಾದರೆ ಇನ್ನೊಂದು. ರುಚಿ ನೋಡುವಾಗ ಸಾರನ್ನು ಬರೀ ನಾಲಿಗೆಗೆ ಇಡಬೇಡಿ, ಒಂದು ತುಂಡು ಕಡುಂಬುಟ್ಟಿಗೆ ಹಚ್ಚಿ ನೋಡಿ. ಸಪ್ಪೆಯಾದ ಅಕ್ಕಿತರಿ ಹುಳಿಯನ್ನು ಹೀರಿಕೊಳ್ಳುತ್ತದೆ. ಬರೀ ಸಾರಿನಲ್ಲಿ ತುಸು ಹೆಚ್ಚೆನಿಸಿದ್ದು ಕಡುಂಬುಟ್ಟಿನ ಜೊತೆ ಸರಿಹೋಗುತ್ತದೆ. ಒಲೆ ಆರಿಸಿ ಒಂದು ಗಂಟೆ ಮುಚ್ಚಿಟ್ಟರೆ ಹುಳಿ ಮಾಂಸದೊಳಗೆ ಇಳಿಯುತ್ತದೆ.

ಕುಟುಂಬದವರೆಲ್ಲ ಸೇರಿ ಹತ್ತು ಕಿಲೋ ಮಾಡುವಾಗ ಹತ್ತು ಪಟ್ಟು ಒಮ್ಮೆಲೇ ಸುರಿಯಬೇಡಿ. 100 ಮಿ.ಲೀ.ನಿಂದ ಶುರುಮಾಡಿ, ತಳದಿಂದ ತಿರುವಿ, ರುಚಿ ನೋಡಿ ಏರಿಸಿ. ಗಟ್ಟಿ ಪುಳಿ ತಳಕ್ಕಿಳಿದು ಒಂದು ಮೂಲೆಯಲ್ಲಿ ಕೂರುವುದರಿಂದ ಮೊದಲು ಒಂದು ಸೌಟು ಬಿಸಿ ಸಾರಿನಲ್ಲಿ ಕಲಸಿಕೊಂಡು ಹಾಕುವುದು ಕ್ಷೇಮ. ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದ್ದರೆ ರಾತ್ರಿಯಿಡೀ ಅದರಲ್ಲೇ ಬಿಡಬಾರದು, ಹುಳಿ ಲೋಹವನ್ನು ತಿಂದು ಮರುದಿನದ ಕರಿಗೆ ತಗಡಿನ ರುಚಿ ಬರುತ್ತದೆ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆಗೆ ಬದಲಿಸಿ.

ಪುಳಿ ಸಿಗದೇ ಹೋದರೆ? ಕುಡಂಪುಳಿ ನೆನೆಸಿದ ನೀರು ಮೀನಿಗೆ ಸೊಗಸು, ಪಂದಿಗೆ ಹೊಗೆ ವಾಸನೆ ಜಾಸ್ತಿಯಾಗುತ್ತದೆ. ಹುಣಸೆ ಕರಿಯನ್ನು ಮಂದ ಮಾಡುತ್ತದೆ, ಬಣ್ಣ ಕಪ್ಪಾಗುವುದಿಲ್ಲ. ನಿಂಬೆ ಬೇಕೆಂದರೆ ಒಲೆ ಆರಿಸಿದ ಮೇಲೆ, ಕುದ್ದರೆ ಕಹಿ. ಯಾವುದೂ ಕಾಚಂಪುಳಿಯ ಜಾಗ ತುಂಬುವುದಿಲ್ಲ. ಮಾಂಸ ತಿನ್ನದವರು ಇದನ್ನು ಕುಮ್ಮು ಕರಿಗೆ, ಅಂದರೆ ಅಣಬೆಗೆ, ಕಾಲು ಚಮಚ ಹಾಕಿ ನೋಡಬೇಕು.

ತೀರಾ ಗಟ್ಟಿಯಾದ ಒಳ್ಳೆಯ ಪುಳಿಯದ್ದೂ ಒಂದು ತೊಂದರೆ ಇದೆ. ಸೆಪ್ಟೆಂಬರಿನ ಚಳಿಮಳೆಗೆ ಬಾಟಲಿಯ ಬಾಯಿಯಲ್ಲೇ ಕಟ್ಟಿಕೊಂಡು ಸುರಿಯುವುದಿಲ್ಲ. ನೀರು ಬೆರೆಸಿ ತೆಳು ಮಾಡಲು ಹೋಗಬೇಡಿ, ಉಳಿದ ಅಷ್ಟೂ ಬೂಸ್ಟು ಹಿಡಿಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಕುದಿಯುವ ನೀರು ಬೇಡ, ಗಾಜು ಬಿರಿಯುತ್ತದೆ. ಬಾಟಲಿಯೊಳಗೆ ಒದ್ದೆ ಚಮಚ ಅದ್ದಬೇಡಿ. ಹಬ್ಬ ಮುಗಿದ ಮೇಲೆ ಬಾಯಿ ಒರೆಸಿ, ತಗಡಿನ ಮುಚ್ಚಳ ಇದ್ದರೆ ಅದನ್ನು ತೆಗೆದು ಬೆಂಡಿನ ಬಿರಡೆ ಹಾಕಿ, ಬೆಳಕು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಬಾಟಲಿಯ ಮೇಲೆ ಕೊಂಡ ತಿಂಗಳು, ವರ್ಷ ಬರೆದಿಟ್ಟರೆ ಮುಂದಿನ ಕೈಲ್ ಮುಹೂರ್ತದಲ್ಲಿ ಯಾವುದು ಹಳತು, ಯಾವುದು ಹೊಸತು ಎಂದು ಹುಡುಕಬೇಕಾಗುವುದಿಲ್ಲ.