ಪೀನಟ್ ಬಟರ್‌ಗೆ ಕಪ್ ಅಳತೆಯಾ, ತೂಕವಾ?

ನನ್ನ ಓಟು ತಕ್ಕಡಿಗೆ. ಆದರೆ ಅದನ್ನು ಕೊಳ್ಳುವ ಮೊದಲು 220 ರೂಪಾಯಿಯ ಕಪ್ ಸೆಟ್ಟು, ಎರಡು ಟ್ರೇ ಕುಕೀಸ್ ದಂಡವಾದವು.

ಅಮೆರಿಕದಲ್ಲಿರುವ ಅಕ್ಕ ಕಳಿಸಿದ ರೆಸಿಪಿ ಬಹಳ ಸುಲಭ. ಒಂದು ಕಪ್ ಪೀನಟ್ ಬಟರ್, ಒಂದು ಕಪ್ ಸಕ್ಕರೆ, ಒಂದು ಮೊಟ್ಟೆ, ಅಷ್ಟೇ. ಮೈದಾನೇ ಇಲ್ಲ, ಹಾಗಾಗಿ ಅಳತೆ ತಪ್ಪಿದರೆ ಗೊತ್ತಾಗಿಬಿಡುತ್ತದೆ. ನನ್ನ ಮೊದಲ ಟ್ರೇ ಕೈ ಹಚ್ಚಿದರೆ ಪುಡಿ. ಎರಡನೆಯದು ಹರಡಿಕೊಂಡು ಒಂದೇ ರೊಟ್ಟಿ.

ಕಪ್‌ನ ತಾಪತ್ರಯ ಎರಡು. ಅಮೆರಿಕದ ಕಪ್ ಸುಮಾರು 237 ಎಂ.ಎಲ್., ನನ್ನ ಸೆಟ್ಟಿನದು 250. ಸಕ್ಕರೆಯನ್ನೂ ಅದೇ ಕಪ್‌ನಲ್ಲಿ ಅಳೆದರೆ ಸರಿಹೋಗುತ್ತೆ ಅಲ್ವಾ ಅಂದುಕೊಂಡಿದ್ದೆ. ಆದರೆ ಕಪ್ ದೊಡ್ಡದಾಯಿತು ಅಂತ ಮೊಟ್ಟೆ ದೊಡ್ಡದಾಗಲ್ಲವಲ್ಲ!

ಅದಾದರೂ ಪರವಾಗಿಲ್ಲ. ನಿಜವಾದ ಕಿರಿಕಿರಿ ಅಂಟು. ತಕ್ಕಡಿ ಬಂದ ಮೇಲೆ ಅದೇ ಕಪ್ಪನ್ನು ಮೂರು ಸಲ ತುಂಬಿ ತೂಗಿ ನೋಡಿದೆ. ಸುಮ್ನೆ ಚಮಚದಿಂದ ಹಾಕಿದಾಗ ಒಳಗೆ ಗಾಳಿಗುಳ್ಳೆ ಉಳಿದು 249 ಗ್ರಾಂ. ಒತ್ತಿ ತುಂಬಿದರೆ 273. ಡಬ್ಬದ ಮೇಲೆ ನಿಂತ ಎಣ್ಣೆ ಕಲಸದೆ, ತಳದ ಗಟ್ಟಿಯನ್ನೇ ತೆಗೆದಾಗ ಇನ್ನೂ ಜಾಸ್ತಿ. ಇಷ್ಟೆಲ್ಲ ಮಾಡಿ ಬೋಗುಣಿಗೆ ಸುರಿದರೆ ಕಪ್‌ನ ಗೋಡೆಗೆ 14 ಗ್ರಾಂ ಅಂಟಿಕೊಂಡೇ ಇತ್ತು. ಬೆರಳಲ್ಲಿ ಬಳಿದು ತಿನ್ನೋಕೆ ಚೆನ್ನಾಗಿದೆ, ಆದರೆ ಅದು ಕುಕೀಸ್‌ಗೆ ಹೋಗಬೇಕಿದ್ದದ್ದು. ಅಮ್ಮ ಅಕ್ಕಿಯನ್ನು ಪಾವಿನಲ್ಲಿ ಅಳೆಯುತ್ತಾರೆ, ಹುಣಸೆಹಣ್ಣಿಗೆ ಮಾತ್ರ ನಿಂಬೆ ಗಾತ್ರ ಅಂತಾರೆ. ಅಂಟುವ ಪದಾರ್ಥವನ್ನು ಪಾವಿಗೆ ತುರುಕೋಕೆ ಯಾರೂ ಹೋಗಲ್ಲ.

ನೀರಿನ ಉಪಾಯವನ್ನೂ ಮಾಡಿ ನೋಡಿದೆ. ಗೆರೆ ಇರುವ ದೊಡ್ಡ ಜಗ್ಗಿನಲ್ಲಿ ಒಂದು ಕಪ್ ನೀರು ಹಾಕಿ, ಅದು ಎರಡು ಕಪ್ ಗೆರೆಗೆ ಏರುವವರೆಗೆ ಪೀನಟ್ ಬಟರ್ ಬಿಡೋದು. ಬೆಣ್ಣೆಗೆ ಸರಿ. ಇದಕ್ಕೆ ಎಣ್ಣೆ ಮೇಲೆ ತೇಲಿತು, ಉಳಿದದ್ದು ಒದ್ದೆ ಮುದ್ದೆಯಾಯಿತು. ಮತ್ತೆ ಮಾಡಲ್ಲ.

ತಕ್ಕಡಿಗೆ ಕೊಟ್ಟದ್ದು 450. ಅಮೆರಿಕದ ಒಂದು ಕಪ್ ನುಣುಪು ಪೀನಟ್ ಬಟರ್‌ಗೆ ಅಲ್ಲಿನ ಕೃಷಿ ಇಲಾಖೆಯ ಪಟ್ಟಿ 258 ಗ್ರಾಂ ಅನ್ನುತ್ತದೆ. ಕೆಲವು ಬೇಕಿಂಗ್ ಪಟ್ಟಿಗಳು 270 ಅನ್ನುತ್ತವೆ. ನಾನು 258ಕ್ಕೆ ಅಂಟಿಕೊಂಡಿದ್ದೇನೆ, ಕುಕೀಸ್ ಸರಿ ಬರ್ತಿವೆ. ಸಕ್ಕರೆ 200.

ತಕ್ಕಡಿ ಮೇಲೆ ಬೋಗುಣಿ ಇಟ್ಟು ಅಂಕಿಯನ್ನು ಸೊನ್ನೆ ಮಾಡೋದಕ್ಕಿಂತ ಡಬ್ಬವನ್ನೇ ಇಟ್ಟು ಸೊನ್ನೆ ಮಾಡೋದು ನನಗಿಷ್ಟ. ತೆಗೆದಷ್ಟೂ ಮೈನಸ್ ತೋರಿಸುತ್ತದೆ. ಚಮಚಕ್ಕೆ ಅಂಟಿದ್ದನ್ನು ಕೆರೆದು ಬೋಗುಣಿಗೆ ಹಾಕಿದರಾಯಿತು, ತೊಳೆಯೋಕೆ ಕಪ್ಪೇ ಇಲ್ಲ. ಒಂದೇ ತೊಂದರೆ, ಎರಡು ನಿಮಿಷ ಸುಮ್ಮನಿದ್ದರೆ ತಕ್ಕಡಿ ತಾನೇ ಆಫ್ ಆಗುತ್ತದೆ, ಲೆಕ್ಕವೂ ಹೋಗುತ್ತದೆ. ಅದಕ್ಕೇ ಶುರು ಮಾಡುವ ಮುಂಚೆ ಡಬ್ಬದ ತೂಕ ಗುರುತು ಹಾಕಿಕೊಳ್ಳುತ್ತೇನೆ.

ತಿಂಗಳಿಗೆರಡು ಸಲ ಓವನ್ ಹಚ್ಚುವ ನನಗೆ 450 ದಂಡ ಅನ್ನಿಸಲಿಲ್ಲ. ವರ್ಷಕ್ಕೊಮ್ಮೆ ಮಾಡುವವರು ಕಪ್‌ಗೆ ಎಣ್ಣೆ ಸವರಿ, ಒತ್ತಿ ತುಂಬಿ, ಚೆನ್ನಾಗಿ ಬಳಿದುಕೊಂಡರೆ ಸಾಕು. ನನ್ನ ಡಬ್ಬದ ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ: ಕಪ್ 258, ಅರ್ಧ 129, ದೊಡ್ಡ ಚಮಚ 16.